ಎಳೆತದ ತಕ್ಕಡಿ ಯಾರ ಕೈಯಿಂದ ಬಿತ್ತು

ಚಿನ್ನವ್ವಾ, ಪುಟ್ಟಣ್ಣಾ,

ಅಜ್ಜನ ವರ್ಷದ ಪೂಜೆಯ ದಿನ ಊಟದ ಪಂಕ್ತಿಯಲ್ಲಿ ಲಕ್ಷ್ಮೇಶ್ವರದ ಕಡೆಯ ನೆಂಟರೊಬ್ಬರು ಒಂದು ಮಾತು ಆಡಿದರು. ನೀವಿಬ್ಬರೂ ಅದನ್ನು ಕೇಳಿಸಿಕೊಂಡಿರಿ. ಅಜ್ಜ ವಿಮಾನದ ಕೆಲಸದಲ್ಲಿ ಹೆಸರು ಮಾಡಿದ್ದು ನಿಜವಂತೆ, ಆದರೆ ಬೆಲೆಯುಳ್ಳ ಒಂದು ಮಾಪಕವನ್ನು ಕೆಡವಿ, ಸುಮ್ಮನಿದ್ದು, ಜೀವದ ಗೆಳೆಯನ ಕೆಲಸ ಕಳೆದರಂತೆ. ಪುಟ್ಟಣ್ಣ, ನಾನು ನೀರು ತುಂಬುತ್ತಿದ್ದಲ್ಲಿಗೆ ನೀನು ಬಂದು, “ಆಯಿ, ಅಜ್ಜ ಕೆಡವಿದ್ದು ಖರೇನ?” ಎಂದು ಕೇಳಿದೆ. ನಾನು ಹೋಳಿಗೆ ತರುತ್ತೇನೆಂದು ಒಳಗೆ ಹೋದೆ. ಉತ್ತರ ಕೊಡಬೇಕಾದಾಗ ಒಳಗೆ ಹೋಗುವುದು ನನ್ನ ಹಳೆಯ ಅಭ್ಯಾಸ. ಜನ ಅದನ್ನು ನಾಚಿಕೆ ಸ್ವಭಾವ ಎನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಂಡು ಬದುಕಿದೆ.

ಅಜ್ಜ ಕೆಡವಲಿಲ್ಲ. ಕೆಡವಿದವಳು ನಾನು. ಇಷ್ಟೇ ಬರೆದು ನಿಲ್ಲಿಸಿದರೆ, ಅಜ್ಜನ ಹೆಸರು ಉಳಿಸಲು ಆಯಿ ಹೀಗೆ ಬರೆದಿದ್ದಾಳೆ ಎಂದು ನೀವು ತಿಳಿಯಬಹುದು. ಅದಕ್ಕೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾನು ಓದಿದ್ದು ಸೊರಟೂರಿನ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ. ಯಂತ್ರದ ಮಾತಿನಲ್ಲಿ ತಪ್ಪಿದ್ದರೆ ಅದು ನನ್ನ ತಿಳಿವಳಿಕೆಯ ತಪ್ಪು, ಅಜ್ಜ ಹೇಳಿಕೊಟ್ಟದ್ದರ ತಪ್ಪಲ್ಲ.

ಅಜ್ಜ ಉತ್ತರದ ಒಂದು ವಿಮಾನ ನಿಲ್ದಾಣದಲ್ಲಿದ್ದರು. ಅಲ್ಲಿನ ವಿಮಾನಗಳು ನಾವು ಕೂತು ಹೋಗುವಂಥವಲ್ಲ. ಸೈನಿಕರನ್ನು, ಅವರ ಅಕ್ಕಿ, ಬೇಳೆ, ಸೀಮೆಎಣ್ಣೆ, ಹಾಸಿಗೆಗಳನ್ನು ಗುಡ್ಡದ ಮೇಲಿನ ಚಿಕ್ಕ ಚಿಕ್ಕ ನಿಲ್ದಾಣಗಳಿಗೆ ಹೊತ್ತೊಯ್ಯುವ ವಿಮಾನಗಳು. ಎರಡು ರೆಕ್ಕೆಗೆ ಎರಡು ಎಂಜಿನ್, ಒಂದೊಂದರ ಮುಂದೆ ದೊಡ್ಡ ಪಂಖ. ಒಳಗೆ ಉರಿಯುವ ಬೆಂಕಿ ಪಂಖವನ್ನು ತಿರುಗಿಸುತ್ತದೆ, ಪಂಖ ವಿಮಾನವನ್ನು ಎಳೆಯುತ್ತದೆ. ಆ ಎಳೆತ ಎಷ್ಟೆಂದು ಅಳೆಯುವ ತಂಡದಲ್ಲಿ ಅಜ್ಜ ಕೆಲಸ ಮಾಡುತ್ತಿದ್ದರು.

ಅಳೆಯುವುದೇಕೆ, ಮಾಡಿದವರು ಬರೆದು ಕೊಟ್ಟಿರುವುದಿಲ್ಲವೇ ಎಂದು ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದೆ. ಅವರು ಬಾಯಿಂದ ಹೇಳಲಿಲ್ಲ. ಸೊರಟೂರಿನಲ್ಲಿ ನಮ್ಮಪ್ಪನ ಜೋಡೆತ್ತನ್ನು ಮನೆಯ ಮುಂದಿನ ಬೇವಿನ ಗಿಡಕ್ಕೆ ಹಗ್ಗದಿಂದ ಕಟ್ಟಿ, ಹಗ್ಗದ ನಡುವೆ ಹತ್ತಿ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿದರು. ಮುಂಜಾನೆ ಒಮ್ಮೆ, ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ಎತ್ತುಗಳನ್ನು ಎಳೆಯಲು ಬಿಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆಂದು ನನಗೆ ತೋರಿಸಿದರು. ಕಟ್ಟೆಯ ಮೇಲೆ ಕುಳಿತಿದ್ದ ನಮ್ಮಪ್ಪ ಓಣಿಯವರಿಗೆಲ್ಲ ಕೇಳುವಂತೆ, “ನಮ್ಮ ಅಳಿಯಾರು ಗಿಡಾ ಕಿತ್ತು ಗದಗಿಗೆ ಒಯ್ಯಾಕ ಹತ್ಯಾರ” ಎಂದ. ಓಣಿ ನಕ್ಕಿತು. ಇವರೂ ನಕ್ಕರು. ಮಧ್ಯಾಹ್ನ ಮುಳ್ಳು ಮುಂಜಾನೆಯಷ್ಟು ದೂರ ಬರಲಿಲ್ಲ.

ಎಂಜಿನ್ನಿಗೂ ಹಾಗೆಯೇ ಅಂತೆ. ಬಿಸಿಲು ಏರಿದರೆ, ಗುಡ್ಡದ ಮೇಲೆ ಗಾಳಿ ತೆಳ್ಳಗಾದರೆ ಎಳೆತ ಕಡಿಮೆ. ವಯಸ್ಸಾದ ಎಂಜಿನ್ನಿಗೆ ಇನ್ನೂ ಕಡಿಮೆ. ಎಳೆತ ಎಷ್ಟೆಂದು ಗೊತ್ತಿದ್ದರೆ ಮಾತ್ರ ಎಷ್ಟು ಭಾರ ಹೇರಬಹುದು, ಎಷ್ಟು ದೂರ ಓಡಿ ನೆಲ ಬಿಡಬಹುದು ಎಂದು ಲೆಕ್ಕ ಹಾಕಲು ಬರುತ್ತದೆ. ಅದಕ್ಕೆ ವಿಮಾನವನ್ನು ಸಿಮೆಂಟಿನಲ್ಲಿ ಹೂತ ಕಬ್ಬಿಣದ ಬಳೆಗೆ ಸರಪಳಿಯಿಂದ ಬಿಗಿದು, ನಡುವೆ ಮಾಪಕ ಇಟ್ಟು, ಎಂಜಿನ್ನನ್ನು ಪೂರ್ತಿ ಬಿಡುತ್ತಾರೆ. ನಿಂತಲ್ಲಿಯ ಎಳೆತ ನೋಡಿಕೊಂಡು ಓಡುವಾಗಿನದನ್ನು ಲೆಕ್ಕದಿಂದ ತಿಳಿಯುತ್ತಾರೆ. ಆ ಮಾಪಕಕ್ಕೆ ಅವರು ಡೈನಮೋಮೀಟರ್ ಎನ್ನುತ್ತಿದ್ದರು. ಬೇವಿನ ಗಿಡದ ದಿನದಿಂದ ನಮ್ಮ ಮನೆಯಲ್ಲಿ ಅದು ಎಳೆತದ ತಕ್ಕಡಿ.

ಆ ಕೆಲಸದಲ್ಲಿ ಅಜ್ಜನಿಗೊಬ್ಬ ಗೆಳೆಯರಿದ್ದರು. ಲಕ್ಷ್ಮೇಶ್ವರದವರು. ಎಂಜಿನ್ ಕೂರಿಸುವುದು, ಹದ ಮಾಡುವುದು ಅವರ ಕೆಲಸ. ಅಳೆಯುವುದು ಅಜ್ಜನ ಕೆಲಸ. ರಜೆಗೆ ಇಬ್ಬರೂ ಒಂದೇ ರೈಲಿನಲ್ಲಿ ಬಂದು ಗದಗಿನಲ್ಲಿ ಇಳಿಯುತ್ತಿದ್ದರು. ನಮ್ಮ ಬೆಟಗೇರಿ ಮನೆಯಲ್ಲಿ ಸ್ನಾನ, ಊಟ ಮುಗಿಸಿಯೇ ಅವರು ತಮ್ಮ ಊರಿನ ಬಸ್ಸು ಹತ್ತುತ್ತಿದ್ದರು. ಅವರಿಗೆ ಒಡಹುಟ್ಟಿದ ಹೆಣ್ಣುಮಕ್ಕಳಿರಲಿಲ್ಲ. ನನ್ನನ್ನು ತಂಗಿ ಎನ್ನುತ್ತಿದ್ದರು. ಪ್ರತಿ ನಾಗರಪಂಚಮಿಗೆ, ಅಣ್ಣಂದಿರು ತಂಗಿಯರಿಗೆ ಕೊಡುವ ಹಾಗೆ, ಅವರಿಂದ ಒಂದು ಕುಬಸದ ಖಣ ಬರುತ್ತಿತ್ತು, ನಾನು ಉಂಡಿ ಕಟ್ಟಿ ಕಳಿಸುತ್ತಿದ್ದೆ. ರೊಟ್ಟಿ ತಟ್ಟುತ್ತಿರುವಾಗ ಹೊರಗಿನಿಂದಲೇ, “ತಂಗೀ, ಆ ಸುಟ್ಟ ರೊಟ್ಟಿ ನನಗ ಇಡು, ಛಲೋವು ನಿನ್ನ ಗಂಡಗ ಹಾಕು, ಅಂವ ಅಳತಾನ” ಎಂದು ಕೂಗುತ್ತಿದ್ದರು. ಗಂಡಸರ ಮುಂದೆ ಬಾಯಿ ಬಿಡದ ನಾನು ಅವರಿಗೆ ಮಾತ್ರ ತಿರುಗಿ ಮಾತಾಡುತ್ತಿದ್ದೆ.

ನಿಮ್ಮ ಅಪ್ಪ ಆಗ ಆರನೇ ಇಯತ್ತೆಯಲ್ಲಿದ್ದ. ತಕ್ಕಡಿ ಸರಿಯಾಗಿ ತೋರಿಸುತ್ತದೆಯೋ ಇಲ್ಲವೋ ಎಂದು ತಾಳೆ ನೋಡಿಸಲು ಅದನ್ನು ಬೆಂಗಳೂರಿಗೆ ಒಯ್ಯಬೇಕಿತ್ತು. ಅಜ್ಜನೇ ಒಯ್ದು, ಸರಿ ಇದೆ ಎಂಬ ಕಾಗದ ಪಡೆದು, ರೈಲಿನಲ್ಲಿ ವಾಪಸು ಹೊರಟಿದ್ದರು. ನೇರವಾಗಿ ಹೋಗಬೇಕೆಂಬುದು ನಿಯಮ. ದಾರಿಯಲ್ಲಿ ಗದಗು, ಮರುದಿನ ಮಹಾನವಮಿ. ಅವರು ಇಳಿದುಬಿಟ್ಟರು. ಅಷ್ಟು ವರ್ಷದಲ್ಲಿ ನಿಯಮ ಮುರಿದದ್ದು ಅದೊಂದೇ ಸಲ, ನನಗಾಗಿ.

ಚರ್ಮದ ಪಟ್ಟಿ ಬಿಗಿದ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಪಡಸಾಲೆಯ ಮೂಲೆಯಲ್ಲಿಟ್ಟು, ಯಾರೂ ಮುಟ್ಟಬಾರದು ಎಂದು ಎಲ್ಲರಿಗೂ ಹೇಳಿದರು. ನಿಮ್ಮ ಅಪ್ಪನಿಗೆ ಎರಡು ಸಲ ಹೇಳಿದರು. ನನಗೆ ಬೇರೆಯಾಗಿ ಹೇಳಲಿಲ್ಲ. ನಾನು ಮುಟ್ಟುತ್ತೇನೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಮಹಾನವಮಿಯ ಮುಂಜಾನೆ ಅವರು ಚೆಂಡುಹೂ, ಕಬ್ಬು ತರಲು ಪೇಟೆಗೆ ಹೋದರು. ನಿಮಗೆ ಗೊತ್ತಿದೆ, ಆ ದಿನ ಮನೆಯಲ್ಲಿ ಅನ್ನ ಕೊಡುವ ಪ್ರತಿಯೊಂದು ಸಾಮಾನಿಗೂ ಪೂಜೆ. ಕುಡುಗೋಲು, ಗುದ್ದಲಿ, ಈಳಿಗೆ, ಹೊಲಿಗೆ ಯಂತ್ರ, ಸೈಕಲ್ಲು, ಎಲ್ಲವನ್ನೂ ನಾನು ತೊಳೆದು ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೆ. ತೊಳೆಯದ ಆಯುಧಕ್ಕೆ ಕುಂಕುಮ ಹಚ್ಚಬಾರದೆಂದು ನಮ್ಮ ಅತ್ತೆಯ ಕಟ್ಟುನಿಟ್ಟು. ಸಾಲು ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟೇ: ಈ ಮನೆಗೆ ನಿಜವಾಗಿ ಅನ್ನ ಕೊಡುವ ಸಾಮಾನು ಮೂಲೆಯಲ್ಲಿ ಕುಳಿತಿದೆ, ಕುಡುಗೋಲಿಗೆ ಹೂವು ಇದೆ, ಅದಕ್ಕಿಲ್ಲ. ಅವರು ಬರುವುದರೊಳಗೆ ಪೂಜೆ ಮಾಡಿ ಮತ್ತೆ ಪೆಟ್ಟಿಗೆಯಲ್ಲಿ ಇಟ್ಟುಬಿಡೋಣ ಎಂದುಕೊಂಡೆ.

ಪಟ್ಟಿ ಬಿಚ್ಚಿದೆ. ತುಂಬಿದ ಕೊಡದಷ್ಟು ಭಾರ, ಗಡಿಯಾರದಂಥ ಮುಖ, ಮೇಲೆ ಕೆಳಗೆ ಒಂದೊಂದು ಉಕ್ಕಿನ ಬಳೆ. ನೀರಿನಲ್ಲಿ ಅದ್ದಬಾರದು ಎನ್ನುವಷ್ಟು ಬುದ್ಧಿ ಇತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ವಿಭೂತಿ ಎಳೆದೆ, ಕುಂಕುಮ ಇಟ್ಟೆ. ಹಲಗೆಗೆ ಒಯ್ಯಲು ಎತ್ತಿದಾಗ, ಸಾಮಾನು ತೊಳೆದು ತೊಳೆದು ನೆನೆದಿದ್ದ ನನ್ನ ಕೈಯಿಂದ ಆ ಉಕ್ಕಿನ ಬಳೆ ಜಾರಿತು. ತಕ್ಕಡಿ ಅಂಗಳದ ಹಾಸುಗಲ್ಲಿನ ಮೇಲೆ ಬಿತ್ತು.

ಒಳಗಿನಿಂದ ಅತ್ತೆ ಏನು ಬಿತ್ತೆಂದು ಕೇಳಿದರು. ಕೊಡ ಜಾರಿತು ಎಂದೆ.

ಗಾಜು ಒಡೆದಿರಲಿಲ್ಲ. ಮುಳ್ಳು ಸೊನ್ನೆಯ ಮೇಲೆಯೇ ನಿಂತಿತ್ತು. ಅಂಚಿಗೆ ಒಂದು ಸಣ್ಣ ಗೀರು ಮಾತ್ರ. ಅದನ್ನು ನೋಡಿ ಏನೂ ಆಗಿಲ್ಲವೆಂದು ನಂಬಿದೆ. ಸೆರಗಿನಿಂದ ವಿಭೂತಿ, ಕುಂಕುಮ ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಪಟ್ಟಿಯನ್ನು ಮೊದಲಿದ್ದ ತೂತಿಗೇ ಬಿಗಿದೆ. ಅವರು ಹೂವು ಹಿಡಿದು ಬಂದರು. ಸಂಜೆಯ ಗಾಡಿಗೆ ಹೋದರು. ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ಆಟೋ ಹತ್ತಿದರು.

ಆಗ ನಮ್ಮ ಮನೆಯಲ್ಲಿ ಫೋನು ಇರಲಿಲ್ಲ. ಪಕ್ಕದ ನೇಕಾರರ ಮನೆಗೆ ವಾರಕ್ಕೊಮ್ಮೆ ಅವರ ಫೋನು ಬರುತ್ತಿತ್ತು. ಮಗ್ಗದ ಸದ್ದಿನ ನಡುವೆ ಒಂದು ಕಿವಿ ಮುಚ್ಚಿಕೊಂಡು ಮಾತಾಡಬೇಕು. ಮೂರನೆಯ ವಾರ ಅವರು ಹೇಳಿದರು: ಒಂದು ವಿಮಾನದ ಬಲಗಡೆ ಎಂಜಿನ್ನಿನ ಎಳೆತ ಇರಬೇಕಾದದ್ದಕ್ಕಿಂತ ಕಡಿಮೆ ಬಂದಿದೆ. ಅದನ್ನು ಕೂರಿಸಿ ಹದ ಮಾಡಿದವರು ಲಕ್ಷ್ಮೇಶ್ವರದ ಅಣ್ಣ. ಮೂರು ದಿನ ನಿದ್ದೆ ಬಿಟ್ಟು ಒಂದೊಂದು ನಟ್ಟು ಬಿಚ್ಚಿ ನೋಡಿದರೂ ಅವರಿಗೆ ತಪ್ಪು ಸಿಕ್ಕಿಲ್ಲ. ತಪ್ಪು ಸಿಗದವನಿಗೆ ಕೆಲಸವೇ ಗೊತ್ತಿಲ್ಲ ಎಂದು ಮೇಲಿನವರು ಬೈಯುತ್ತಿದ್ದಾರೆ. “ಅಂವ ಊಟಾನೂ ಬಿಟ್ಟಾನ. ತಕ್ಕಡಿ ಸುಳ್ಳು ಹೇಳಂಗಿಲ್ಲ, ತಾಳೆ ನೋಡಿಸಿ ಈಗರ ತಂದೀನಿ. ಅವನ ಕೈ ಎಲ್ಲಿ ತಪ್ಪೇತಿ ತಿಳೀವಲ್ದು.”

ಚಿನ್ನವ್ವಾ, ನನ್ನ ಜೀವನದಲ್ಲಿ ತಿರುಗಿ ಹೋಗಿ ನಿಲ್ಲಬೇಕೆಂದು ಆಸೆ ಪಡುವ ಜಾಗ ಅದೊಂದೇ, ಆ ಫೋನಿನ ಮುಂದೆ. ನನ್ನ ಹಿಂದೆ ಅತ್ತೆ ನಿಂತಿದ್ದರು. ಮಗ್ಗದ ಮನೆಯವರು ಕೈ ನಿಲ್ಲಿಸಿ ಕೇಳುತ್ತಿದ್ದರು. ಇಷ್ಟು ಜನರ ಮುಂದೆ ಹೇಗೆ ಹೇಳಲಿ, ರಜೆಗೆ ಬಂದಾಗ ಹೇಳುತ್ತೇನೆ ಎಂದುಕೊಂಡೆ. ಜ್ವರ ಬಂದ ಮಗನ ಸುದ್ದಿ ಹೇಳಿದೆ, ಮಳೆಯ ಸುದ್ದಿ ಹೇಳಿದೆ, ಫೋನಿಟ್ಟೆ. ಮರುದಿನ ಒಂದು ಕಾಗದ ಬರೆಯಬಹುದಿತ್ತು. ನನ್ನ ಅಕ್ಷರ ಚೆನ್ನಾಗಿಯೇ ಇತ್ತು.

ಆ ವಾರವೇ ಅಣ್ಣನಿಂದ ಒಂದು ಹೇಳಿಕೆ ಬರೆಸಿಕೊಂಡರು. ‘ನನ್ನ ಕೈತಪ್ಪು ಇರಬಹುದು’ ಎಂದು ಬರೆದು ಅವರು ಸಹಿ ಮಾಡಿದರು. ಅವರನ್ನು ಎಂಜಿನ್ನಿನಿಂದ ತೆಗೆದು ಸಾಮಾನು ಕೊಠಡಿಗೆ ಹಾಕಿದರು. ಇನ್ನೊಂದು ವಾರಕ್ಕೆ ಎಡಗಡೆ ಎಂಜಿನ್ನೂ ಕಡಿಮೆ ತೋರಿಸಿತು. ಬೇರೆ ವಿಮಾನ ಕಟ್ಟಿದರು, ಅದೂ ಕಡಿಮೆ. ಆಗ ತಕ್ಕಡಿಯ ಮೇಲೆ ಸಂಶಯ ಬಂತು. ಅಜ್ಜನೇ ಮತ್ತೆ ಬೆಂಗಳೂರಿಗೆ ಒಯ್ದರು. ಒಳಗಿನ ಒಂದು ತೋಳು ಕೂದಲೆಳೆಯಷ್ಟು ಬಾಗಿತ್ತು. ಸುಮ್ಮನಿದ್ದಾಗ ಸೊನ್ನೆ ಸರಿ, ಭಾರ ಬಿದ್ದಾಗ ಕಡಿಮೆ.

ಕಡಿಮೆ ತೋರಿಸಿದ್ದರಿಂದ ಒಬ್ಬ ಮನುಷ್ಯನ ಕೆಲಸ ಹೋಯಿತು. ಹೆಚ್ಚು ತೋರಿಸಿದ್ದರೆ, ಸೋತ ಎಂಜಿನ್ನನ್ನು ಗಟ್ಟಿ ಎಂದು ತಿಳಿದು ಭಾರ ಹೇರಿ, ಗುಡ್ಡದ ನಡುವೆ ಕಳಿಸುತ್ತಿದ್ದರು. ಅದರೊಳಗೆ ಕೂತವರ ಮನೆಗಳಲ್ಲಿ ನನ್ನಂಥವರೇ ಇದ್ದರು. ತೋಳು ಯಾವ ಕಡೆಗೆ ಬಾಗಬೇಕೆಂದು ನಾನೇನೂ ಹೇಳಿರಲಿಲ್ಲ.

ತಕ್ಕಡಿ ರೈಲಿನಿಂದ ಇಳಿಯುವಾಗ ತನ್ನ ಕೈಯಿಂದ ಬಿತ್ತು, ಹೆದರಿ ಹೇಳಲಿಲ್ಲ ಎಂದು ಅಜ್ಜ ಬರೆದು ಕೊಟ್ಟರು. ಬರಬೇಕಿದ್ದ ಬಡ್ತಿ ನಿಂತಿತು. ಅದು ದೊಡ್ಡದಲ್ಲ. ಅಣ್ಣ ಅವರೊಂದಿಗೆ ಮಾತು ಬಿಟ್ಟರು. ತಾನು ಒಂದು ತಿಂಗಳು ಸಾಯುತ್ತಿದ್ದಾಗ ಇವನು ಪಕ್ಕದ ಮಂಚದ ಮೇಲೆ ಕುಳಿತು, ಎಲ್ಲ ಗೊತ್ತಿದ್ದೂ, ತನ್ನ ಕೈಯಲ್ಲಿ ತಪ್ಪು ಹುಡುಕುತ್ತಿದ್ದ ಎಂದು ಅವರು ಎಲ್ಲರ ಮುಂದೆ ಹೇಳಿದರಂತೆ. ಎಂಜಿನ್ನಿಗೆ ವಾಪಸು ಬಾ ಎಂದು ಕರೆದರೂ ಅವರು ಹೋಗಲಿಲ್ಲ. ಅವಧಿ ಮುಗಿದ ಕೂಡಲೇ ಊರಿಗೆ ಬಂದು ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿದರು. ಮುಂದಿನ ಪಂಚಮಿಗೆ ಖಣ ಬರಲಿಲ್ಲ. ನಾನು ಕಟ್ಟಿದ ಉಂಡಿ ಡಬ್ಬಿಯಲ್ಲೇ ಉಳಿದವು.

ರಜೆಗೆ ಬಂದಾಗ ಅಜ್ಜ ನನ್ನನ್ನು ಏನೂ ಕೇಳಲಿಲ್ಲ. ಊಟ ಮಾಡುತ್ತ, ಅತ್ತೆಗೆ ಕತೆ ಹೇಳುವಂತೆ, ತಕ್ಕಡಿ ಬಿಚ್ಚಿದಾಗ ಗಾಜಿನ ಅಂಚಿನಲ್ಲಿ ಕೆಂಪು ಪುಡಿ ಇತ್ತು, ಅಲ್ಲಿನವರು ಅದನ್ನು ತುಕ್ಕು ಎಂದರು ಎಂದು ಹೇಳಿದರು. ನನ್ನ ಕಡೆ ನೋಡಲಿಲ್ಲ. ನಾನು ಮಜ್ಜಿಗೆ ತರಲು ಒಳಗೆ ಹೋದೆ.

ಮರುವರ್ಷದ ಮಹಾನವಮಿಗೂ ಅವರು ಮನೆಯಲ್ಲಿದ್ದರು. ನಾನು ಅಂಗಳದಲ್ಲಿ ಸಾಮಾನು ತೊಳೆಯುತ್ತಿದ್ದೆ. ಅವರು ತಮ್ಮ ಸ್ವಂತದ ಸ್ಕ್ರೂಡ್ರೈವರ್ ತಂದು ಮುಂದೆ ಹಿಡಿದರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ನನ್ನ ಕಡೆ ಚಾಚಿ ಮೆಲ್ಲಗೆ ಹೇಳಿದರು: “ಮೊದಲ ಕೈ ಒರಸಿಕೊ. ಆಮ್ಯಾಲ ಹಿಡಿ.”

ಅಷ್ಟೇ. ಆ ಮೇಲೆ ಇಷ್ಟು ವರ್ಷದಲ್ಲಿ ಅದರ ಬಗ್ಗೆ ಇನ್ನೊಂದು ಮಾತಿಲ್ಲ. ಅವರು ಹೇಳಲಿಲ್ಲವೆಂದು ನಾನೂ ಹೇಳಲಿಲ್ಲ. ಅವರ ಮೌನ ನನ್ನನ್ನು ಕಾಯಲು, ನನ್ನ ಮೌನವೂ ನನ್ನನ್ನೇ ಕಾಯಲು.

ಅವರು ನಿವೃತ್ತರಾಗಿ ಬೆಟಗೇರಿಗೆ ಬಂದ ಮೇಲೆ ಒಮ್ಮೆ ಇಬ್ಬರೂ ಶಿರಹಟ್ಟಿಯ ಮದುವೆಗೆ ಹೋಗಿ ಮರಳುತ್ತಿದ್ದೆವು. ಬಸ್ಸು ಶಿರಹಟ್ಟಿಯ ನಿಲ್ದಾಣದಲ್ಲಿ ನಿಂತಿದ್ದಾಗ ಅಣ್ಣ ಹತ್ತಿದರು. ಕೂದಲು ಬೆಳ್ಳಗಾಗಿತ್ತು. ಅಜ್ಜ ಕೂಡಲೇ ತಮ್ಮ ಚೀಲ ಎತ್ತಿ ಪಕ್ಕದಲ್ಲಿ ಜಾಗ ಮಾಡಿದರು, ಆ ಜಾಗವನ್ನು ಅಂಗೈಯಿಂದ ಒರೆಸಿದರು. ಅಣ್ಣ ನೋಡಿದರು, ಇಳಿದು ಹೋದರು. ಬಸ್ಸು ಸೊರಟೂರು ದಾಟುವವರೆಗೂ ಆ ಜಾಗದಲ್ಲಿ ಅಜ್ಜ ಯಾರನ್ನೂ ಕೂರಿಸಲಿಲ್ಲ. “ಅವನ ಕೆಲಸ ಇಲ್ಲೇ ಇದ್ದೀತು” ಎಂದರು. ಕಿಟಕಿಯ ಪಕ್ಕ ನಾನಿದ್ದೆ. ಎರಡೇ ಮಾತು ಹೇಳಬೇಕಿತ್ತು.

ಅಜ್ಜ ತೀರಿಕೊಂಡಾಗ ಅಣ್ಣ ಮಣ್ಣಿಗೂ ಬರಲಿಲ್ಲ. ಆಗಲೂ ಹೇಳಲಿಲ್ಲ ನಾನು. ಪುಟ್ಟಣ್ಣ, ನೀನು ಕೇಳಿದ ಮೇಲೆಯೇ ನಾನು ಹೊರಟದ್ದು. ಮೊದಲ ಸಲ ಗದಗಿನ ನಿಲ್ದಾಣದವರೆಗೆ ಹೋಗಿ, ಲಕ್ಷ್ಮೇಶ್ವರದ ಬಸ್ಸು ಎದುರಿಗೇ ನಿಂತಿದ್ದರೂ ಮುಂಡರಗಿಯ ಬಸ್ಸು ಹತ್ತಿದೆ. ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು, ಹೊಳೆಯ ಮೀನಿನಷ್ಟು ಮಾತಾಡಿ ಬಂದೆ. ಆಕೆ ಏನಾಯಿತೆಂದು ಕೇಳಿದ್ದಕ್ಕೆ ಮೊಣಕಾಲು ನೋವು ಎಂದೆ. ಎರಡನೆಯ ಸಲ ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಲಕ್ಷ್ಮೇಶ್ವರಕ್ಕೇ ಚೀಟಿ ಹರಿದುಕೊಟ್ಟ ಮೇಲೆ, ಅದನ್ನು ಮುಷ್ಟಿಯಲ್ಲಿ ಹಿಡಿದು ಕುಳಿತೆ. ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಇಳಿಯಬೇಕೆನ್ನಿಸಿತು, ಇಳಿಯಲಿಲ್ಲ.

ಅವರ ಅಂಗಡಿ ಒಂದೇ ಬಾಗಿಲಿನದು. ಅಣ್ಣ ಒಂದು ಮೋಟಾರಿಗೆ ತಂತಿ ಸುತ್ತುತ್ತ, ತುಟಿಯೊಳಗೆ ಸುತ್ತು ಎಣಿಸುತ್ತಿದ್ದರು. ತಲೆ ಎತ್ತಿದರು. ಗುರುತು ಹಿಡಿದದ್ದು ಕಣ್ಣಲ್ಲಿ ಕಂಡಿತು.

“ಬರ್ರಿ, ಕುಂಡ್ರಿ. ಮೋಟರ್ ಏನರ ಸುಟ್ಟೈತೇನ್ರಿ?”

ತಂಗಿ ಎನ್ನುತ್ತಿದ್ದವರ ಬಾಯಲ್ಲಿ ಆ ‘ರಿ’ ಕೇಳಿ ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತೆ. ನಿಂತೇ ಹೇಳಿದೆ. “ತಕ್ಕಡಿ ಅವರು ಕೆಡವಲಿಲ್ರಿ ಅಣ್ಣಾರ. ನಾ ಕೆಡವಿದೆ. ಮಹಾನವಮಿ ಪೂಜಾಕ್ಕ ಅಂತ ತಗದು, ಒದ್ದಿ ಕೈಲೆ ಹಿಡದು ಕೆಡವಿದೆ.”

ಅವರ ಕೈ ನಿಂತಿತು. ಎಣಿಕೆ ತಪ್ಪಿತೆಂದು ಕಾಣುತ್ತದೆ. ಸುತ್ತಿದ್ದ ತಂತಿಯನ್ನೆಲ್ಲ ಮೆಲ್ಲಗೆ ಬಿಚ್ಚತೊಡಗಿದರು. ಪೂರ್ತಿ ಬಿಚ್ಚಿದ ಮೇಲೆ ಕೇಳಿದರು:

“ಅವಗ ಯಾವಾಗ ಗೊತ್ತಾತು?”

“ಬೆಂಗಳೂರಾಗ ಬಿಚ್ಚಿದಾಗ. ಒಳಗ ಕುಂಕುಮ ಇತ್ತಂತ.”

“ಅಂದ್ರ ನಾ ಸಹಿ ಮಾಡಿದಾಗ ಅವಗ ಗೊತ್ತಿರಲಿಲ್ಲ.”

“ಇಲ್ರಿ. ನನಗ ಗೊತ್ತಿತ್ತು. ನೀವು ಊಟಾ ಬಿಟ್ಟೀರಿ ಅಂತ ಅವರು ಫೋನಿನ್ಯಾಗ ಹೇಳಿದ ದಿನಾನ ಗೊತ್ತಿತ್ತು.”

ಅವರು ಹೊರಗಿನ ರಸ್ತೆಯ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಒಳ್ಳೆಯದು ಎಂದೂ ಅಂದುಕೊಂಡೆ. “ಶಿರಹಟ್ಟಿ ಬಸ್ಸಿನ್ಯಾಗ ಅಂವ ನನಗ ಜಾಗಾ ಒರಸಿ ಕೊಟ್ಟಿದ್ದ” ಎಂದರು. ಆಮೇಲೆ, “ಎರಡು ವರ್ಷ ಮೊದಲ ಬಂದಿದ್ರ ಅವನ ಮುಂದ ಕುಂತು ಒಂದು ಕಪ್ ಚಾ ಕುಡೀತಿದ್ದೆ. ಈಗ ಹೇಳಿ ನೀವು ಹಗುರ ಆದ್ರಿ. ನಾ ಎಲ್ಲಿ ಹೋಗ್ಲಿ?”

ಆ ಅಂಗಡಿಗೆ ಒಳಮನೆ ಇರಲಿಲ್ಲ. ನಾನು ಹೋಗಲಿಲ್ಲ, ನಿಂತಿದ್ದೆ. ಕ್ಷಮಿಸಿ ಎನ್ನಲಿಲ್ಲ. ಅದನ್ನು ಕೇಳುವುದೂ ಅವರಿಂದ ಇನ್ನೊಂದನ್ನು ಕಿತ್ತುಕೊಳ್ಳುವಂತೆ ಕಂಡಿತು. ಅವರೇ ಎದ್ದು ಹೂಜಿಯಿಂದ ನೀರು ಕೊಟ್ಟರು. ನಾನು ಕುಡಿದು ಲೋಟ ಇಟ್ಟ ಮೇಲೆ ಹೇಳಿದರು:

“ಬರದು ಕೊಡ್ರಿ. ನಾ ಬರದು ಕೊಟ್ಟೀನಿ, ಅವನೂ ಬರದು ಕೊಟ್ಟಾನ. ಎರಡೂ ಸುಳ್ಳು. ನಿಮ್ಮದೊಂದು ಉಳದೈತಿ.”

ಬಾಗಿಲು ದಾಟುವಾಗ, ನಾಲ್ಕಕ್ಕೆ ಗದಗಿನ ಬಸ್ಸು ಇದೆ, ಈ ಕಡೆಯಿಂದ ರಸ್ತೆ ದಾಟಿರಿ ಎಂದರು. ತಂಗಿ ಎನ್ನುತ್ತಾರೇನೋ ಎಂದು ಒಂದು ಗಳಿಗೆ ಹೊಸ್ತಿಲ ಮೇಲೆ ನಿಂತೆ. ಅವರು ಮತ್ತೆ ಮೊದಲಿನಿಂದ ಸುತ್ತು ಎಣಿಸಲು ಕುಳಿತಿದ್ದರು.

ಇದನ್ನು ಎರಡು ಪ್ರತಿ ಬರೆದಿದ್ದೇನೆ, ಎರಡನ್ನೂ ಕೈಯಿಂದಲೇ. ಒಂದನ್ನು ನಿನ್ನೆ ಲಕ್ಷ್ಮೇಶ್ವರಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಅವರು ಓದುತ್ತಾರೋ ಇಲ್ಲವೋ ನನಗೆ ತಿಳಿಯದು, ನಾನು ಹೋಗಿ ಬಂದ ಮೇಲಿನ ಈ ಪಂಚಮಿಗೂ ಏನೂ ಬರಲಿಲ್ಲ. ಬರಬೇಕೆಂದು ಬರೆದದ್ದಲ್ಲ. ಇನ್ನೊಂದು ನಿಮ್ಮದು. ಇನ್ನು ಮೇಲೆ ಯಾರಾದರೂ ಪಂಕ್ತಿಯಲ್ಲಿ ಅಜ್ಜನ ಬಗ್ಗೆ ಆ ಮಾತು ಎತ್ತಿದರೆ, ಅಲ್ಲೇ, ಎಲ್ಲರ ಮುಂದೆ, ನನ್ನ ಹೆಸರು ಹೇಳಿರಿ. ನಾನು ಇದ್ದರೂ ಹೇಳಿರಿ. ಒಳಗೆ ಹೋಗುವುದಿಲ್ಲ.

ಈ ಹಾಳೆಗಳನ್ನು ಅಜ್ಜನ ಸ್ಕ್ರೂಡ್ರೈವರ್ ಇರುವ ತಗಡಿನ ಡಬ್ಬಿಯಲ್ಲಿ ಜೋಪಾನವಾಗಿ ಇಡಿರಿ. ತೆಗೆದು ಓದುವ ಮೊದಲು ಕೈ ಒರೆಸಿಕೊಳ್ಳಿರಿ.